ಫೋಲ್ಡರಿನೊಳಗೆ ಕುದುರೆ ಎಲ್ಲಿದೆ?

ಬೆಂಗಳೂರಿನಿಂದ ಹಾಸನದ ಕಡೆ ಹೊರಟವರಿಗೆ ಕುಣಿಗಲ್ ಅಂದರೆ ಒಂದು ದೊಡ್ಡ ಕೆರೆ, ಒಂದು ಕುದುರೆ ಫಾರಂ. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಒದಗಿಸುತ್ತಿದ್ದ ಈ ಫಾರಂ ಕೈಯಿಂದ ಕೈಗೆ ದಾಟುತ್ತ ಬಂದು 1992ರಲ್ಲಿ ಖಾಸಗಿ ಗುತ್ತಿಗೆಗೆ ಹೋಯಿತು. ಯುದ್ಧದ ಕುದುರೆಗಳ ಜಾಗಕ್ಕೆ ರೇಸಿನ ಕುದುರೆಗಳು ಬಂದು ಬಹಳ ಕಾಲವಾಗಿದೆ. ರೇಸಿನ ಕುದುರೆ ಅಂದರೆ ಥರೋಬ್ರೆಡ್. ಈ ತಳಿಯ ವಂಶಾವಳಿಯನ್ನು ಇಂಗ್ಲೆಂಡಿನಲ್ಲಿ 1791ರಿಂದಲೇ ಅಚ್ಚುಹಾಕಿಸಿ ಇಟ್ಟಿದ್ದಾರೆ. ಪ್ರಪಂಚದ ಯಾವ ಮೂಲೆಯ ಥರೋಬ್ರೆಡ್ ಆದರೂ ಸರಿ, ತಂದೆ, ತಂದೆಯ ತಂದೆ ಎಂದು ಹಿಂದೆ ಹಿಂದೆ ಹೋದರೆ ಮೂರೇ ಗಂಡು ಕುದುರೆಗಳಲ್ಲಿ ಒಂದರ ಬಳಿ ಹೋಗಿ ನಿಲ್ಲುತ್ತೇವೆ.

ಇದೇ ತಳಿಯ ಒಂದು ಹೆಣ್ಣು ಕುದುರೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿತ್ತು. ಹೆಸರು ಟ್ವೈಲೈಟ್. ಅದರ ಡಿಎನ್‌ಎಯನ್ನು ಓದಿ, ಜೋಡಿಸಿ, 2007ರಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುವಂತೆ ಬಿಡುಗಡೆ ಮಾಡಿದರು. 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದರ ಪ್ರಬಂಧ ಬಂತು. ಅಂದಿನಿಂದ ಬಹಳ ಕಾಲ ಕುದುರೆಯ ರೆಫರೆನ್ಸ್ ಜೀನೋಮ್ ಎಂದರೆ ಟ್ವೈಲೈಟ್‌ನ ಜೀನೋಮ್. ಬೇರೆ ಯಾವ ಕುದುರೆಯ ಡಿಎನ್‌ಎ ಓದಿದರೂ ಅದನ್ನು ಇದರ ಪಕ್ಕದಲ್ಲಿಟ್ಟು ಎಲ್ಲಿ ವ್ಯತ್ಯಾಸವಿದೆ ಎಂದು ನೋಡುವುದು ವಾಡಿಕೆ. ಕುಣಿಗಲ್ಲಿನ ಒಂದು ಮರಿಯ ರಕ್ತದ ಮಾದರಿ ನಾಳೆ ಪ್ರಯೋಗಾಲಯಕ್ಕೆ ಹೋದರೂ ಹೋಲಿಕೆ ಇದರ ಜೊತೆಗೆ ನಡೆಯಬಹುದು.

ತುಮಕೂರಿನ ಸಿದ್ಧಗಂಗಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಬಯೋಟೆಕ್ನಾಲಜಿ ವಿಭಾಗವಿದೆ. ಅಲ್ಲಿಯ ವಿದ್ಯಾರ್ಥಿಯಾಗಲಿ, ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಯಾವುದೇ ಆಸಕ್ತರಾಗಲಿ ಈ ಜೀನೋಮನ್ನು ಇಂದು ರಾತ್ರಿಯೇ ಇಳಿಸಿಕೊಳ್ಳಬಹುದು. ಕಾಸು ಕೊಡಬೇಕಾಗಿಲ್ಲ, ಯಾರ ಅನುಮತಿಯೂ ಬೇಡ. ಕಷ್ಟ ಶುರುವಾಗುವುದು ಫೋಲ್ಡರ್ ತೆರೆದ ಮೇಲೆ. ಒಂದು ಕುದುರೆ ಸಿಗುತ್ತದೆ ಎಂದುಕೊಂಡರೆ ಹತ್ತಿಪ್ಪತ್ತು ಫೈಲುಗಳು ಸಾಲಾಗಿ ಕೂತಿರುತ್ತವೆ. ಹೆಸರುಗಳ ಬಾಲದಲ್ಲಿ ಎಫ್‌ಎ, ಎಫ್‌ಎನ್‌ಎ, ಎಫ್‌ಎಎ, ಜಿಎಫ್‌ಎಫ್, ಎಫ್‌ಎಐ, ಡಿಕ್ಟ್, ಎಎಂಬಿ, ಎಎನ್‌ಎನ್, ಬಿಡಬ್ಲ್ಯುಟಿ, ಪಿಎಸಿ, ಎಸ್‌ಎ. ಕೆಲವು ಎರಡು ಗಿಗಾಬೈಟ್ ದಾಟುತ್ತವೆ, ಕೆಲವು ಒಂದು ಎಸ್ಸೆಮ್ಮೆಸ್ಸಿನಷ್ಟೂ ಇರುವುದಿಲ್ಲ. ಇವುಗಳಲ್ಲಿ ಕುದುರೆ ಯಾವುದು?

ಕುದುರೆ ಇರುವುದು ಒಂದೇ ಫೈಲಿನಲ್ಲಿ. ಉಳಿದವೆಲ್ಲ ಅದನ್ನು ಕುರಿತು ಬರೆದವು, ಇಲ್ಲವೇ ಅದರಿಂದಲೇ ಹುಟ್ಟಿಸಿದವು. ನಮ್ಮೂರಿನ ಜಮೀನಿನ ವಿಚಾರ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ: ಹೊಲ ಒಂದೇ, ಪಹಣಿ ಬೇರೆ, ನಕ್ಷೆ ಬೇರೆ, ಸರ್ವೆ ಟಿಪ್ಪಣಿ ಬೇರೆ. ಕಾಗದ ಕಳೆದರೆ ಮತ್ತೆ ಮಾಡಿಸಬಹುದು. ಬೇರೆ ಹೊಲದ ಪಹಣಿ ಹಿಡಿದುಕೊಂಡು ನಮ್ಮ ಹೊಲ ಉಳಲು ಹೋದರೆ ಜಗಳ ಖಂಡಿತ.

ಮೊದಲು ಆ ಒಂದು ಫೈಲನ್ನು ಹಿಡಿಯೋಣ. ಅದರ ಬಾಲದಲ್ಲಿ ಎಫ್‌ಎ ಅಥವಾ ಎಫ್‌ಎನ್‌ಎ ಎಂದಿರುತ್ತದೆ, ಅದರ ಹಿಂದೆ ಜಿಜೆಡ್ ಎಂದೂ ಇರಬಹುದು. ಜಿಜೆಡ್ ಅಂದರೆ ಒತ್ತಿ ಚಿಕ್ಕದು ಮಾಡಿದ ಫೈಲ್, ಅಷ್ಟೇ. ಎಫ್‌ಎ ಎನ್ನುವುದು ‘ಫಾಸ್ಟಾ’ ಎಂಬ ಬರಹ ಪದ್ಧತಿಯ ಗುರುತು; ಲಿಪ್‌ಮನ್ ಮತ್ತು ಪಿಯರ್ಸನ್ ಎಂಬಿಬ್ಬರು 1980ರ ದಶಕದಲ್ಲಿ ಬರೆದ ತಂತ್ರಾಂಶದಿಂದ ಬಂದದ್ದು. ಇದರ ಸರಳತೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಬಲಕ್ಕೆ ಮೂತಿ ಮಾಡಿದ ಒಂದು ಬಾಣದ ಗುರುತು, ಅದರ ಪಕ್ಕದಲ್ಲಿ ಹೆಸರು, ಮುಂದಿನ ಸಾಲಿನಿಂದ ಬರೀ ಎ, ಸಿ, ಜಿ, ಟಿ. ಇನ್ನೊಂದು ಬಾಣ ಬರುವವರೆಗೂ ಅದೇ ವರ್ಣತಂತು ಮುಂದುವರಿಯುತ್ತದೆ. ಒಂದು ಪ್ರಾಣಿಯನ್ನು ಬರೆದಿಡಲು ಇಷ್ಟೇ ಸಾಕಾಗಿದೆ.

ಇದನ್ನು ವರ್ಡ್‌ನಲ್ಲೋ ನೋಟ್‌ಪ್ಯಾಡಿನಲ್ಲೋ ತೆರೆಯಲು ಹೋಗಬೇಡಿ. ಸುಮಾರು 250 ಕೋಟಿ ಅಕ್ಷರಗಳನ್ನು ಒಟ್ಟಿಗೆ ನುಂಗಲಾಗದೆ ಯಂತ್ರ ನಿಂತುಬಿಡುತ್ತದೆ. ಲಿನಕ್ಸ್‌ನಲ್ಲಿ ‘ಹೆಡ್’ ಎಂಬ ಆದೇಶ ಮೊದಲ ಹತ್ತು ಸಾಲು ಮಾತ್ರ ತೋರಿಸುತ್ತದೆ. ಒತ್ತಿದ ಫೈಲಾದರೆ ‘ಜೆಡ್‌ಕ್ಯಾಟ್’ ಮೂಲಕ ಹಾಯಿಸಿ ನೋಡಬೇಕು. ಅಮೆರಿಕದ ಎನ್‌ಸಿಬಿಐ ಭಂಡಾರದಿಂದ ಇಳಿಸಿದ ಕುದುರೆ ಫೈಲಿನ ಮೊದಲ ಸಾಲನ್ನು ಹೀಗೆ ತೆರೆದರೆ ಬಾಣದ ಗುರುತಿನ ಹಿಂದೆ ಎನ್‌ಸಿ_009144.3 ಎಂಬ ನೋಂದಣಿ ಸಂಖ್ಯೆ, ಕುದುರೆಯ ಶಾಸ್ತ್ರೀಯ ಹೆಸರು ಈಕ್ವಸ್ ಕಬಾಲಸ್, ‘ಐಸೊಲೇಟ್ ಟ್ವೈಲೈಟ್’, ‘ಬ್ರೀಡ್ ಥರೋಬ್ರೆಡ್’, ‘ಕ್ರೋಮೋಸೋಮ್ 1’, ‘ಈಕ್ವ್‌ಕ್ಯಾಬ್ 3.0’ ಎಂದು ಸಾಲಾಗಿ ಬರೆದಿದೆ. ಫೈಲಿನ ಹೆಸರು ಏನೇ ಇರಲಿ, ಯಾವ ಪ್ರಾಣಿ, ಅದರಲ್ಲಿ ಯಾವ ಒಂದು ಜೀವ, ಯಾವ ತಳಿ, ಎಷ್ಟನೆಯ ಜೋಡಣೆ, ಎಲ್ಲವೂ ಆ ಒಂದೇ ಸಾಲಿನಲ್ಲಿ ಸಿಕ್ಕಿತು. ಗುರುತಿಲ್ಲದ ಫೈಲ್ ಕಂಡಾಗ ಮೊದಲು ಹೆಸರನ್ನಲ್ಲ, ಒಳಗಿನ ಮೊದಲ ಸಾಲನ್ನು ಓದಬೇಕು ಎಂದು ನಾನು ಹಟದಿಂದ ಹೇಳುವುದು ಇದಕ್ಕೇ.

ಕೆಳಗಿನ ಅಕ್ಷರಗಳಲ್ಲೂ ಕೆಲವು ವಿಚಿತ್ರಗಳು ಕಾಣುತ್ತವೆ. ಉದ್ದಕ್ಕೆ ‘ಎನ್’ ‘ಎನ್’ ‘ಎನ್’ ಎಂದೇ ಇದ್ದರೆ ಅಲ್ಲಿ ಅಕ್ಷರವೊಂದಿದೆ, ಯಾವುದೆಂದು ಓದಲಾಗಲಿಲ್ಲ ಎಂದರ್ಥ. ಕೆಲವು ಕಡೆ ಅಕ್ಷರಗಳು ಸಣ್ಣವಾಗಿ, ಕೆಲವು ಕಡೆ ದೊಡ್ಡವಾಗಿ ಇರುತ್ತವೆ. ಫೈಲ್ ಕೆಟ್ಟಿದೆ ಎಂದು ಹೊಸಬರು ಗಾಬರಿಯಾಗುವುದುಂಟು. ಜೀನೋಮಿನಲ್ಲಿ ಮತ್ತೆ ಮತ್ತೆ ಬರುವ ತುಣುಕುಗಳನ್ನು ಸಣ್ಣ ಅಕ್ಷರದಲ್ಲಿ ತೋರಿಸುವುದು ಒಂದು ಪದ್ಧತಿ. ಅದೇ ತುಣುಕುಗಳನ್ನು ಪೂರ್ತಿ ಅಳಿಸಿ ಎನ್ ತುಂಬಿದ ಇನ್ನೊಂದು ರೂಪವೂ ಅದೇ ಭಂಡಾರದಲ್ಲಿ ಪಕ್ಕದಲ್ಲೇ ಇರುತ್ತದೆ. ಯುರೋಪಿನ ಎನ್‌ಸೆಂಬಲ್ ಭಂಡಾರದಲ್ಲಿ ಮೊದಲನೆಯದಕ್ಕೆ ‘ಡಿಎನ್‌ಎ_ಎಸ್‌ಎಂ’, ಎರಡನೆಯದಕ್ಕೆ ‘ಡಿಎನ್‌ಎ_ಆರ್‌ಎಂ’ ಎಂದು ಗುರುತು. ಒಂದಕ್ಷರದ ವ್ಯತ್ಯಾಸ. ಅಳಿಸಿದ್ದನ್ನು ಇಳಿಸಿಕೊಂಡು ಕೆಲಸ ಶುರುಮಾಡಿದವರಿಗೆ ಜೀನೋಮಿನ ದೊಡ್ಡ ಭಾಗ ಕೈಬಿಟ್ಟುಹೋಗಿರುತ್ತದೆ, ಕಂಪ್ಯೂಟರ್ ಮಾತ್ರ ಒಂದು ದೂರೂ ಹೇಳದೆ ಕೆಲಸ ಮುಗಿಸಿ ಫಲಿತಾಂಶ ಕೊಡುತ್ತದೆ.

ಒಂದು ಫೈಲಿಗೆ ಬಾಲವೇ ಇಲ್ಲದಿದ್ದರೆ? ಸ್ಟಾರ್ ಎಂಬ ತಂತ್ರಾಂಶ ತಯಾರಿಸುವ ಫೋಲ್ಡರಿನಲ್ಲಿ ‘ಜೀನೋಮ್’, ‘ಎಸ್‌ಎ’, ‘ಎಸ್‌ಎಇಂಡೆಕ್ಸ್’ ಎಂಬ ಬೋಳು ಹೆಸರಿನ ಫೈಲುಗಳಿರುತ್ತವೆ. ‘ಜೀನೋಮ್’ ಎಂಬ ಹೆಸರು ನೋಡಿ ಅದೇ ಕುದುರೆ ಎಂದುಕೊಂಡರೆ ತಪ್ಪು. ಅದು ಆ ತಂತ್ರಾಂಶ ತನಗಾಗಿ ಮಾಡಿಕೊಂಡ ಪ್ರತಿ, ನಾವು ಓದುವಂಥದ್ದಲ್ಲ. ಇಂಥ ಕಡೆ ‘ಫೈಲ್’ ಎಂಬ ಆದೇಶ ನೆರವಿಗೆ ಬರುತ್ತದೆ. ಅದು ಹೆಸರನ್ನು ನಂಬದೆ ಒಳಗಿನ ಮೊದಲ ಕೆಲವು ಬೈಟ್‌ಗಳನ್ನು ನೋಡುತ್ತದೆ. ಒತ್ತಿದ ಜಿಜೆಡ್ ಫೈಲುಗಳೆಲ್ಲ 1ಎಫ್, 8ಬಿ ಎಂಬ ಎರಡು ಬೈಟ್‌ಗಳಿಂದ ಶುರುವಾಗುತ್ತವೆ. ಹೆಸರು ಬದಲಿಸಿದರೂ ಈ ಹುಟ್ಟುಗುರುತು ಅಳಿಯುವುದಿಲ್ಲ.

ಇನ್ನು ಎಫ್‌ಎಐ. ಗಾತ್ರದಲ್ಲಿ ಪುಟ್ಟದಾದ ಈ ಫೈಲನ್ನು ಹೊಸಬರು ಕಸವೆಂದು ಅಳಿಸುವುದುಂಟು. ನನಗೆ ಇದು ಇಡೀ ಫೋಲ್ಡರಿನಲ್ಲಿ ಅತ್ಯಂತ ಚೆಂದದ ಫೈಲ್. ಒಂದು ವರ್ಣತಂತುವಿಗೆ ಒಂದು ಸಾಲು, ಸಾಲಿಗೆ ಐದು ಅಂಕಣ. ಕ್ಯಾಲಿಫೋರ್ನಿಯಾದ ಯುಸಿಎಸ್‌ಸಿ ಭಂಡಾರದ ಕುದುರೆ ಫೈಲಿಗೆ ಇದನ್ನು ಮಾಡಿಸಿದರೆ, ಒಂದನೇ ವರ್ಣತಂತು ಮೊದಲಿಗಿದ್ದಾಗ, ಆ ಸಾಲು ಹೀಗಿರುತ್ತದೆ: ಸಿಎಚ್‌ಆರ್1, 188260577, 6, 50, 51. ಮೊದಲನೆಯದು ಹೆಸರು. ಎರಡನೆಯದು ಉದ್ದ, ಅಂದರೆ 18 ಕೋಟಿ 82 ಲಕ್ಷ 60 ಸಾವಿರದ 577 ಅಕ್ಷರ. ಮೂರನೆಯ ಅಂಕಣದ 6 ಎಲ್ಲಿಂದ ಬಂತು? ಬಾಣದ ಗುರುತು ಒಂದು, ಸಿ, ಎಚ್, ಆರ್, 1 ಸೇರಿ ನಾಲ್ಕು, ಸಾಲು ಮುಗಿದುದರ ಗುರುತು ಒಂದು. ಆರು ಬೈಟ್ ದಾಟಿದರೆ ಡಿಎನ್‌ಎ ಶುರು. ನಾಲ್ಕನೆಯದು, ಪ್ರತಿ ಸಾಲಿನಲ್ಲಿ 50 ಅಕ್ಷರಗಳಿವೆ ಎಂಬುದು. ಐದನೆಯದು, ಸಾಲು ಮುರಿಯುವ ಗುರುತೂ ಸೇರಿ 51 ಬೈಟ್ ಎಂಬುದು.

ಇಷ್ಟು ಗೊತ್ತಿದ್ದರೆ ಕಂಪ್ಯೂಟರ್ 250 ಕೋಟಿ ಅಕ್ಷರಗಳಲ್ಲಿ ಯಾವುದನ್ನು ಬೇಕಾದರೂ ಹುಡುಕದೆಯೇ ಮುಟ್ಟಬಲ್ಲದು. ಒಂದು ನಿಜವಾದ ಅಕ್ಷರವನ್ನೇ ತೆಗೆದುಕೊಳ್ಳೋಣ. 2010ರಲ್ಲಿ ಡಬ್ಲಿನ್‌ನ ಎಮ್ಮಲಿನ್ ಹಿಲ್ ಮತ್ತು ಸಂಗಡಿಗರು ಥರೋಬ್ರೆಡ್ ಕುದುರೆಗಳ 18ನೇ ವರ್ಣತಂತುವಿನಲ್ಲಿ, ಮಯೋಸ್ಟಾಟಿನ್ ಎಂಬ ಜೀನಿನ ಒಳಗೆ, ಒಂದು ಅಕ್ಷರದ ವ್ಯತ್ಯಾಸವನ್ನು ತೋರಿಸಿದರು. ಸ್ನಾಯು ಅತಿಯಾಗಿ ಬೆಳೆಯದಂತೆ ತಡೆಯುವ ಜೀನ್ ಅದು. ಕುದುರೆಗೆ ತಾಯಿಯಿಂದಲೂ ತಂದೆಯಿಂದಲೂ ‘ಸಿ’ ಬಂದಿದ್ದರೆ ಅದು ಕಡಿಮೆ ದೂರದ ಓಟದಲ್ಲಿ ಮುಂದು. ಎರಡೂ ಕಡೆಯಿಂದ ‘ಟಿ’ ಬಂದಿದ್ದರೆ ದೂರದ ಓಟಕ್ಕೆ ತಾಳಿಕೆ ಹೆಚ್ಚು. ಒಂದು ಸಿ, ಒಂದು ಟಿ ಆದರೆ ನಡುವಿನ ದೂರಕ್ಕೆ ಹೊಂದಿಕೆ. ಮರಿ 1200 ಮೀಟರಿಗೋ 2400 ಮೀಟರಿನ ಡರ್ಬಿಗೋ ಎಂದು ಲೆಕ್ಕ ಹಾಕುವ ಕುದುರೆ ಸಾಕಣೆದಾರರಿಗೆ ಇದು ಸಣ್ಣ ಸುದ್ದಿಯಾಗಿರಲಿಲ್ಲ. ಪ್ರಬಂಧದಲ್ಲಿ ಆ ಅಕ್ಷರದ ಸ್ಥಾನ 66493737 ಎಂದಿದೆ. ಸಾಲಿಗೆ 50 ಅಕ್ಷರವಿರುವ ಫೈಲಿನಲ್ಲಿ ಅದು 18ನೇ ವರ್ಣತಂತುವಿನ 13,29,875ನೇ ಸಾಲಿನ 37ನೇ ಅಕ್ಷರ. ಎನ್‌ಸಿಬಿಐ ಫೈಲಿನಲ್ಲಿ ಸಾಲಿಗೆ 80 ಅಕ್ಷರ. ಅಲ್ಲಾದರೆ 8,31,172ನೇ ಸಾಲಿನ 57ನೇ ಅಕ್ಷರ. ಎಫ್‌ಎಐ ಮಾಡುವ ಕೆಲಸ ಈ ಭಾಗಾಕಾರವೇ.

ಆದರೆ ಈ ಲೆಕ್ಕ ಹಾಕಿಕೊಂಡು ಹೊಸ ಫೈಲಿನಲ್ಲಿ ಆ ಅಕ್ಷರ ನೋಡಿದರೆ ಅಲ್ಲಿ ಸಿಗುವುದು ಬೇರೆಯೇ ಯಾವುದೋ ಅಕ್ಷರ. ಕಾರಣ, 2010ರ ಆ ಸಂಖ್ಯೆ ಈಕ್ವ್‌ಕ್ಯಾಬ್ 2 ಎಂಬ ಜೋಡಣೆಯದು. 2007ರಲ್ಲಿ ಬಂದ ಆ ಜೋಡಣೆಯಲ್ಲಿ ಬಿಟ್ಟುಹೋದ ಜಾಗಗಳು ಬಹಳ ಇದ್ದವು. 2014ರಲ್ಲಿ ಕೆಲಸ ಶುರುಮಾಡಿ, ಉದ್ದುದ್ದ ಓದಬಲ್ಲ ಹೊಸ ಯಂತ್ರಗಳನ್ನು ಬಳಸಿ ಅದೇ ಟ್ವೈಲೈಟ್‌ನ ಡಿಎನ್‌ಎಯನ್ನು ಇನ್ನಷ್ಟು ಚೆನ್ನಾಗಿ ಜೋಡಿಸಿದರು. 2018ರಲ್ಲಿ ಈಕ್ವ್‌ಕ್ಯಾಬ್ 3 ಪ್ರಕಟವಾಯಿತು. ವರ್ಣತಂತುಗಳಲ್ಲಿ ಖಚಿತವಾಗಿ ಓದಿದ ಅಕ್ಷರಗಳು 233 ಕೋಟಿಯಿಂದ 241 ಕೋಟಿಗೆ ಏರಿದವು. 32 ವರ್ಣತಂತುಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಒಂದೊಂದೇ ಸರಣಿಯಾಗಿ ಕೂಡಿಕೊಂಡವು. ನಡುವೆ ಅಕ್ಷರಗಳು ಸೇರಿದಂತೆ, ತಪ್ಪು ಜೋಡಣೆ ಸರಿಹೋದಂತೆ ಆಮೇಲಿನ ಅಕ್ಷರಗಳ ಸ್ಥಾನವೆಲ್ಲ ಪಲ್ಲಟವಾಯಿತು. ಕುದುರೆ ಅದೇ, ಜೀನ್ ಅದೇ, ಸಂಖ್ಯೆ ಮಾತ್ರ ಬೇರೆ.

ಹಾಗಾಗಿ ನಮ್ಮ ಕೈಯಲ್ಲಿರುವುದು ಈಕ್ವ್‌ಕ್ಯಾಬ್ ಎರಡೋ ಮೂರೋ ಎಂದು ತಿಳಿಯಬೇಕು. ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಫೈಲಿಗೆ ‘ಹಾರ್ಸ್.ಎಫ್‌ಎ’ ಎಂದಷ್ಟೇ ಹೆಸರಿದ್ದರೂ ಪರವಾಗಿಲ್ಲ. ಒಂದನೇ ವರ್ಣತಂತುವಿನ ಉದ್ದ ನೋಡಿ. 188260577 ಎಂದಿದ್ದರೆ ಮೂರು. 185838109 ಎಂದಿದ್ದರೆ ಎರಡು. ಮನುಷ್ಯ, ದನ, ಭತ್ತ, ಯಾವ ಜೀವಿಯ ಜೋಡಣೆಗಾದರೂ ಈ ಉಪಾಯ ನಡೆಯುತ್ತದೆ, ಏಕೆಂದರೆ ಎರಡು ಜೋಡಣೆಗಳಲ್ಲಿ ಎಲ್ಲ ವರ್ಣತಂತುಗಳೂ ಕೊನೆಯ ಅಕ್ಷರದವರೆಗೆ ಒಂದೇ ಉದ್ದ ಬರುವುದು ನಡೆಯದ ಮಾತು. ಎನ್‌ಸಿಬಿಐ ಸಂಖ್ಯೆಯಲ್ಲಿ ಚುಕ್ಕೆಯ ಮುಂದಿನ ಅಂಕಿಯೂ ಇದನ್ನೇ ಹೇಳುತ್ತದೆ: 009144.2 ಎಂದರೆ ಹಳೆಯದು, 009144.3 ಎಂದರೆ ಹೊಸದು. ಆ ಚುಕ್ಕೆಯನ್ನು ಮುಂದಿನ ಅಂಕಿಯ ಸಮೇತ ಕತ್ತರಿಸಿ ಬರೆಯುವ ಅಭ್ಯಾಸ ಎಷ್ಟೋ ಕಡೆ ಇದೆ. ಆ ಅಂಕಿ ಹೋದರೆ ಗುರುತೇ ಹೋದಂತೆ.

ಈಗ ಐದು ಫೈಲುಗಳ ಆ ಗುಂಪು: ಎಎಂಬಿ, ಎಎನ್‌ಎನ್, ಬಿಡಬ್ಲ್ಯುಟಿ, ಪಿಎಸಿ, ಎಸ್‌ಎ. ಇವು ಒಟ್ಟಿಗೇ ಇರುತ್ತವೆ, ಒಟ್ಟಿಗೇ ಹುಟ್ಟುತ್ತವೆ. ಹೆಂಗ್ ಲಿ ಮತ್ತು ರಿಚರ್ಡ್ ಡರ್ಬಿನ್ 2009ರಲ್ಲಿ ಪ್ರಕಟಿಸಿದ ಬಿಡಬ್ಲ್ಯುಎ ಎಂಬ ತಂತ್ರಾಂಶ ಜೀನೋಮನ್ನು ಬೇಗ ಹುಡುಕಲು ಮಾಡಿಕೊಳ್ಳುವ ಇಂಡೆಕ್ಸ್ ಇದು. ಹೊಸ ಕುದುರೆಯ ಡಿಎನ್‌ಎ ಯಂತ್ರದಿಂದ 150 ಅಕ್ಷರಗಳ ಕೋಟ್ಯಂತರ ಚೂರುಗಳಾಗಿ ಬರುತ್ತದೆ. ಪ್ರತಿ ಚೂರಿಗೂ ಜೀನೋಮನ್ನು ಮೊದಲಿಂದ ಕೊನೆಯವರೆಗೆ ಓದುತ್ತ ಕೂತರೆ ವರ್ಷಗಟ್ಟಲೆ ಬೇಕು. 1994ರಲ್ಲಿ ಬರೋಸ್ ಮತ್ತು ವ್ಹೀಲರ್ ಎಂಬ ಇಬ್ಬರು ಫೈಲ್ ಒತ್ತುವುದಕ್ಕೆಂದು ಒಂದು ತಂತ್ರ ಕಂಡುಹಿಡಿದಿದ್ದರು. ಪಠ್ಯದ ಒಂದೊಂದೇ ಅಕ್ಷರವನ್ನು ಮುಂದಿನಿಂದ ತೆಗೆದು ಹಿಂದಕ್ಕೆ ಸೇರಿಸುತ್ತ ಎಲ್ಲ ರೂಪಗಳನ್ನೂ ಬರೆದು, ಅವನ್ನು ಅಕಾರಾದಿಯಾಗಿ ಜೋಡಿಸಿ, ಕೊನೆಯ ಕಂಬಸಾಲನ್ನಷ್ಟೇ ಇಟ್ಟುಕೊಳ್ಳುವುದು. ಆ ಒಂದು ಸಾಲಿನಿಂದ ಮೂಲ ಪಠ್ಯವನ್ನು ಮತ್ತೆ ಕಟ್ಟಬಹುದು, ಅದರಲ್ಲಿ ಯಾವ ಚೂರು ಎಲ್ಲಿದೆ ಎಂದು ಕ್ಷಣದಲ್ಲಿ ಹೇಳಬಹುದು. ಬಿಡಬ್ಲ್ಯುಟಿ ಫೈಲ್ ಅದೇ.

ಈ ಐದನ್ನು ತೆರೆದು ಓದಲಾಗುವುದಿಲ್ಲ, ಎರಡು ಪುಟ್ಟವುಗಳನ್ನು ಬಿಟ್ಟು. ಎಎನ್‌ಎನ್‌ನಲ್ಲಿ ವರ್ಣತಂತುಗಳ ಹೆಸರು ಮತ್ತು ಉದ್ದ. ಎಎಂಬಿಯಲ್ಲಿ ಎನ್ ಅಕ್ಷರಗಳ ಗುಂಡಿಗಳು ಎಲ್ಲೆಲ್ಲಿವೆ ಎಂಬ ಪಟ್ಟಿ. ಉಳಿದ ಮೂರನ್ನು ಗಾತ್ರದಿಂದಲೇ ಗುರುತಿಸಬಹುದು. ಬಿಡಬ್ಲ್ಯುಟಿ ಹೆಚ್ಚುಕಡಿಮೆ ಜೀನೋಮಿನಲ್ಲಿ ಎಷ್ಟು ಅಕ್ಷರವಿದೆಯೋ ಅಷ್ಟು ಬೈಟ್: ಕುದುರೆಗೆ ಸುಮಾರು 2.5 ಗಿಗಾಬೈಟ್. ಎಸ್‌ಎ ಅದರ ಅರ್ಧ. ಪಿಎಸಿ ಬಿಡಬ್ಲ್ಯುಟಿಯ ಕಾಲು ಭಾಗ, ಏಕೆಂದರೆ ನಾಲ್ಕೇ ಅಕ್ಷರಗಳಿರುವ ಬರಹಕ್ಕೆ ಅಕ್ಷರಕ್ಕೆ ಎರಡು ಬಿಟ್ ಸಾಕು, ಒಂದು ಬೈಟ್‌ನಲ್ಲಿ ನಾಲ್ಕು ಅಕ್ಷರ ಹಿಡಿಸುತ್ತದೆ. ಈ ಅನುಪಾತ ತಪ್ಪಿದ್ದರೆ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ ಎಂದು ತಿಳಿಯಿರಿ. ಬೌಟೈ2 ಎಂಬ ಇನ್ನೊಂದು ತಂತ್ರಾಂಶದ ಇಂಡೆಕ್ಸಾದರೆ ಬಿಟಿ2 ಬಾಲದ ಆರು ಫೈಲುಗಳಿರುತ್ತವೆ, ಎರಡರ ಹೆಸರಿನಲ್ಲಿ ‘ರೆವ್’ ಎಂದಿರುತ್ತದೆ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದಿದ್ದರೆ ಇವೆಲ್ಲವನ್ನೂ ಧೈರ್ಯವಾಗಿ ಅಳಿಸಿ. ಮೂಲ ಫಾಸ್ಟಾ ಇದ್ದರೆ ಒಂದು ಆದೇಶಕ್ಕೆ ಮತ್ತೆ ಹುಟ್ಟುತ್ತವೆ. ಮಾಡಬಾರದ್ದೆಂದರೆ ಫಾಸ್ಟಾ ಬದಲಿಸಿ ಹಳೆಯ ಇಂಡೆಕ್ಸನ್ನು ಹಾಗೇ ಬಿಡುವುದು.

ಜೀನುಗಳ ಫೈಲುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎಫ್‌ಎಎಯಲ್ಲಿ ಪ್ರೋಟೀನುಗಳು, ನಾಲ್ಕಲ್ಲ, 20 ಬಗೆಯ ಅಕ್ಷರ ಕಾಣುತ್ತವೆ, ಬಹುಪಾಲು ‘ಎಂ’ನಿಂದ ಶುರುವಾಗುತ್ತವೆ. ಜಿಎಫ್‌ಎಫ್, ಜಿಟಿಎಫ್‌ಗಳಲ್ಲಿ ಒಂಬತ್ತು ಅಂಕಣ: ಯಾವ ವರ್ಣತಂತುವಿನ ಎಷ್ಟನೇ ಅಕ್ಷರದಿಂದ ಎಷ್ಟನೆಯದರವರೆಗೆ ಯಾವ ಜೀನ್ ಎಂದು. ಇವನ್ನು ಎಕ್ಸೆಲ್‌ನಲ್ಲಿ ತೆರೆಯುವ ಮುನ್ನ ಯೋಚಿಸಿ. ‘ಮಾರ್ಚ್1’ ಎಂಬ ಜೀನನ್ನು ಎಕ್ಸೆಲ್ ಮಾರ್ಚ್ ಒಂದನೇ ತಾರೀಖು ಮಾಡಿಬಿಡುತ್ತಿತ್ತು. ಈ ಕಾಟ ತಾಳಲಾರದೆ 2020ರಲ್ಲಿ ಮನುಷ್ಯನ ಜೀನುಗಳಿಗೆ ಹೆಸರಿಡುವ ಸಮಿತಿ ಅಂಥ ಹೆಸರುಗಳನ್ನೇ ಬದಲಿಸಿತು.

ಜೀನುಗಳ ಈ ಫೈಲುಗಳು ಫಾಸ್ಟಾದಷ್ಟು ಗಟ್ಟಿಯಲ್ಲ ಎಂಬುದನ್ನು ನಮ್ಮ ರಾಗಿಯೇ ತೋರಿಸುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹೊಲಗಳಲ್ಲಿ ಬೆಳೆಯುವ ರಾಗಿಯ ಜೀನೋಮನ್ನು ಮೊದಲು ಓದಿದ್ದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಅವರ ತಂಡ, 2017ರಲ್ಲಿ ಪ್ರಕಟವಾಯಿತು. ತಳಿ ಎಂಎಲ್-365. ಸುಮಾರು 119.6 ಕೋಟಿ ಅಕ್ಷರ ಜೋಡಿಸಿದರು, ರಾಗಿ ಜೀನೋಮಿನ ಅಂದಾಜು ಗಾತ್ರದ ಶೇಕಡಾ 82. ಅದರಲ್ಲಿ ಅವರು ಗುರುತಿಸಿದ ಜೀನುಗಳು 85,243. ಮರುವರ್ಷ ಪಿಆರ್-202 ಎಂಬ ಇನ್ನೊಂದು ತಳಿಯ ಜೋಡಣೆ ಬಂತು, ಅದರಲ್ಲಿ 62,348. ಎರಡೂ ರಾಗಿಯೇ. 22 ಸಾವಿರಕ್ಕೂ ಹೆಚ್ಚು ಜೀನುಗಳು ಎಲ್ಲಿ ಹೋದವು? ಎಲ್ಲಿಗೂ ಹೋಗಿಲ್ಲ. ಡಿಎನ್‌ಎಯಲ್ಲಿ ಜೀನ್ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಯಾರೂ ಗೆರೆ ಎಳೆದಿಟ್ಟಿಲ್ಲ. ತಂತ್ರಾಂಶಗಳು ಊಹಿಸುತ್ತವೆ, ಚೂರುಚೂರಾದ ಜೋಡಣೆಯಲ್ಲಿ ಒಂದೇ ಜೀನ್ ಎರಡು ಕಡೆ ಹರಿದು ಎರಡಾಗಿ ಎಣಿಕೆಗೆ ಬರಬಹುದು. ಫಾಸ್ಟಾ ಓದಿದ್ದು, ಜಿಎಫ್‌ಎಫ್ ಊಹಿಸಿದ್ದು. ಎರಡನ್ನೂ ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕ ಇಟ್ಟಿರುವುದರಿಂದ ಈ ಭೇದ ಮರೆತುಹೋಗುತ್ತದೆ.

2023ರಲ್ಲಿ ಕೆಎನ್‌ಇ 796-ಎಸ್ ಎಂಬ ರಾಗಿ ತಳಿಯ ಜೋಡಣೆ ಬಂತು. ಅದರಲ್ಲಿ 18 ವರ್ಣತಂತುಗಳೂ ಪೂರ್ಣವಾಗಿ ನಿಂತಿವೆ. ಅವುಗಳ ಹೆಸರು 1ಎ, 1ಬಿ, 2ಎ, 2ಬಿ ಎಂದು 9ರವರೆಗೆ. ಒಂದೇ ವರ್ಣತಂತುವಿನ ಎರಡು ಪ್ರತಿ ಎಂದು ಇದನ್ನು ಓದಬಾರದು. ಬಹಳ ಹಿಂದೆ ಎರಡು ಬೇರೆ ಬೇರೆ ಹುಲ್ಲುಗಳು ಕೂಡಿ ರಾಗಿಯಾಯಿತು. ಎರಡರ ಜೀನೋಮೂ ಒಂದೇ ಗಿಡದಲ್ಲಿ ಜೊತೆಯಾಗಿ ಉಳಿದಿದೆ. ಒಂದು ಫೈಲಿನ ಬಾಣದ ಸಾಲುಗಳಲ್ಲಿ ರಾಗಿಯ ಹುಟ್ಟಿನ ಕಥೆಯೇ ಇದೆ.

ಗುಬ್ಬಿ ತಾಲ್ಲೂಕಿನ ಚೇಳೂರಿನ ‘ಸಿದ್ದು’ ಹಲಸು ನಿಮಗೆ ಗೊತ್ತಿರಬಹುದು. ತಾಮ್ರಗೆಂಪು ತೊಳೆಯ ಆ ಮರವನ್ನು ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಗುರುತಿಸಿ, ಕಸಿ ಮಾಡಿ ಹಬ್ಬಿಸಿದರು. ಅದರ ಬಣ್ಣದ ಗುಟ್ಟು ಯಾವ ಜೀನಿನಲ್ಲಿದೆ ಎಂದು ಹುಡುಕಲು ಯಾರಾದರೂ ಹಲಸಿನ ರೆಫರೆನ್ಸ್ ಜೀನೋಮ್ ಇಳಿಸಿದರು ಎನ್ನಿ. ಹಲಸು, ದೀವಿಹಲಸು ಎರಡರ ಕರಡು ಜೀನೋಮ್‌ಗಳು 2020ರಲ್ಲಿ ಒಟ್ಟಿಗೆ ಪ್ರಕಟವಾದವು. ಆ ಹಲಸಿನ ಫೈಲಿನಲ್ಲಿ ‘ಒಂದನೇ ವರ್ಣತಂತು’ ಎಂಬ ಸಾಲೇ ಇಲ್ಲ. 98.2 ಕೋಟಿ ಅಕ್ಷರಗಳು 1,62,440 ತುಣುಕುಗಳಲ್ಲಿ ಹಂಚಿಹೋಗಿವೆ, ಎಫ್‌ಎಐ ಫೈಲಿನಲ್ಲಿ ಅಷ್ಟೂ ಸಾಲು. ಫೈಲ್ ಹಾಳಾಗಿದೆ ಎಂದುಕೊಳ್ಳಬೇಕಾಗಿಲ್ಲ. ಕರಡು ಜೋಡಣೆ ಇರುವುದೇ ಹಾಗೆ. ಬೀಜದಿಂದ ಹುಟ್ಟಿದ ಪ್ರತಿ ಹಲಸಿನ ಮರವೂ ಬೇರೆ. ಆ ಫೈಲ್ ಎಲ್ಲಿಯದೋ ಒಂದು ಹಲಸಿನದು, ಚೇಳೂರಿನ ಸಿದ್ದುವಿನದಲ್ಲ.

ಮತ್ತೆ ಕುದುರೆಯ ಫೋಲ್ಡರಿಗೆ ಬರೋಣ. ಒಂದನೇ ವರ್ಣತಂತುವನ್ನು ಯುಸಿಎಸ್‌ಸಿಯವರು ‘ಸಿಎಚ್‌ಆರ್1’ ಎನ್ನುತ್ತಾರೆ, ಎನ್‌ಸೆಂಬಲ್‌ನವರು ಬರೀ ‘1’, ಎನ್‌ಸಿಬಿಐಯವರು ಆ ಉದ್ದನೆಯ ನೋಂದಣಿ ಸಂಖ್ಯೆ. ಒಬ್ಬರ ಫಾಸ್ಟಾ, ಇನ್ನೊಬ್ಬರ ಜಿಎಫ್‌ಎಫ್ ಸೇರಿಸಿದರೆ ತಂತ್ರಾಂಶಕ್ಕೆ ಒಂದು ಹೆಸರೂ ಹೊಂದುವುದಿಲ್ಲ, ಎಲ್ಲ ಜೀನಿನ ಎದುರೂ ಸೊನ್ನೆ ಬರುತ್ತದೆ. ಇದಕ್ಕೆ ಮದ್ದು ‘ಅಸೆಂಬ್ಲಿ_ರಿಪೋರ್ಟ್’ ಎಂಬ ಪಠ್ಯ ಫೈಲ್. ಯಾರೂ ಇದನ್ನು ತೆರೆಯುವುದಿಲ್ಲ. ಪ್ರತಿ ತುಣುಕಿನ ಎಲ್ಲ ಹೆಸರುಗಳೂ ಉದ್ದದ ಸಮೇತ ಒಂದೇ ಸಾಲಿನಲ್ಲಿ ಅದರಲ್ಲಿವೆ. ಯಾವ ವರ್ಣತಂತುವಿಗೆ ಸೇರಿದ್ದೆಂದು ಗೊತ್ತಾಗದ ಸಾವಿರಾರು ಚೂರುಗಳೂ ಅಲ್ಲೇ ಪಟ್ಟಿಯಾಗಿವೆ. ಯುಸಿಎಸ್‌ಸಿ ಫೈಲಿನಲ್ಲಿ ‘ಸಿಎಚ್‌ಆರ್‌ಯುಎನ್’ ಎಂದು ಶುರುವಾಗುವ ಹೆಸರುಗಳು ಅವೇ.

ಆ ಪಟ್ಟಿಯಲ್ಲಿ ‘ಎಂಟಿ’ ಎಂಬ ಪುಟ್ಟ ನಮೂದನ್ನು ಗಮನಿಸಿ. ಅದು ಮೈಟೊಕಾಂಡ್ರಿಯಾದ ಡಿಎನ್‌ಎ, 16,660 ಅಕ್ಷರ. ನೋಂದಣಿ ಎನ್‌ಸಿ_001640.1. ಫಾಸ್ಟಾದಲ್ಲಿ ಅದರ ಬಾಣದ ಸಾಲು ಓದಿದರೆ ಈಕ್ವಸ್ ಕಬಾಲಸ್ ಎಂದಿದೆ, ಮೈಟೊಕಾಂಡ್ರಿಯಾನ್ ಎಂದಿದೆ, ಟ್ವೈಲೈಟ್ ಎಂದಿಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ಆ ಸರಣಿ ಪ್ರಕಟವಾದದ್ದು 1994ರಲ್ಲಿ, ಟ್ವೈಲೈಟ್‌ನ ಜೀನೋಮ್ ಬರುವುದಕ್ಕೆ 13 ವರ್ಷ ಮೊದಲು. ಒಂದೇ ಫೈಲಿನಲ್ಲಿ ಎರಡು ಕುದುರೆಗಳಿವೆ. ತಾಯಿಯ ಕಡೆಯ ವಂಶ ಹುಡುಕುವವರು ನೋಡುವುದು ಈ ಮೈಟೊಕಾಂಡ್ರಿಯಾವನ್ನೇ. ಅಲ್ಲಿ ಕಾಣುವ ವ್ಯತ್ಯಾಸವನ್ನು ‘ಟ್ವೈಲೈಟ್‌ಗಿಂತ ಭಿನ್ನ’ ಎಂದು ಬರೆದರೆ ತಪ್ಪಾಗುತ್ತದೆ.

ಮನುಷ್ಯನ ಫೋಲ್ಡರಿನಲ್ಲಿ ಇದಕ್ಕಿಂತ ದೊಡ್ಡ ಅಚ್ಚರಿಯಿದೆ. ವಿಶ್ಲೇಷಣೆಗೆಂದು ಸಿದ್ಧಪಡಿಸಿದ ಜಿಆರ್‌ಸಿಎಚ್38 ಜೋಡಣೆಯಲ್ಲಿ ‘ಸಿಎಚ್‌ಆರ್‌ಇಬಿವಿ’ ಎಂಬ ನಮೂದಿದೆ. ಅದು ಮನುಷ್ಯನದೇ ಅಲ್ಲ, ಎಪ್‌ಸ್ಟೀನ್-ಬಾರ್ ವೈರಸ್. ಪ್ರಯೋಗಾಲಯದಲ್ಲಿ ರಕ್ತಕಣಗಳನ್ನು ಬೆಳೆಸಲು ಈ ವೈರಸ್ಸನ್ನು ಬಳಸುತ್ತಾರೆ. ಅದರ ಚೂರುಗಳು ಮನುಷ್ಯನ ವರ್ಣತಂತುವಿನ ಮೇಲೆ ತಪ್ಪಾಗಿ ಹೋಗಿ ಕೂರದಿರಲಿ ಎಂದು ಬೇಕೆಂದೇ ಅದಕ್ಕೊಂದು ಜಾಗ ಮಾಡಿಟ್ಟಿದ್ದಾರೆ.

ಡೌನ್‌ಲೋಡ್ ಪೂರ್ತಿ ಬಂದಿದೆಯೇ ಎಂದು ನೋಡಲು ‘ಎಂಡಿ5’ ಹೆಸರಿನ ಫೈಲ್. ಪ್ರತಿ ಫೈಲಿಗೂ 32 ಅಕ್ಷರಗಳ ಒಂದು ಸಂಕೇತ ಅದರಲ್ಲಿದೆ. ನಮ್ಮ ಯಂತ್ರದಲ್ಲಿ ಅದನ್ನು ಮತ್ತೆ ಲೆಕ್ಕ ಹಾಕಿಸಿ ತಾಳೆ ನೋಡಬೇಕು. 250 ಕೋಟಿಯಲ್ಲಿ ಒಂದು ಅಕ್ಷರ ಬದಲಾಗಿದ್ದರೂ ಸಂಕೇತ ಪೂರಾ ಬೇರೆಯಾಗುತ್ತದೆ. ಡಿಕ್ಟ್ ಫೈಲಿನಲ್ಲಿ ಇಂಥದೇ ಸಂಕೇತ ಒಂದೊಂದು ವರ್ಣತಂತುವಿಗೂ ಬೇರೆಬೇರೆಯಾಗಿ ಇರುತ್ತದೆ. ಸಂಪರ್ಕ ಪದೇ ಪದೇ ಕಡಿದುಹೋಗುವ ಊರುಗಳಲ್ಲಿ ಈ ಹೆಜ್ಜೆ ಬಿಡಲೇಬಾರದು.

ಇಷ್ಟೆಲ್ಲ ಆದಮೇಲೂ ಫೋಲ್ಡರಿನಲ್ಲಿ ಇಲ್ಲದ್ದೊಂದಿದೆ. ಕುದುರೆಗೆ 32 ಜೋಡಿ ವರ್ಣತಂತು. ಈಕ್ವ್‌ಕ್ಯಾಬ್ 3ರಲ್ಲಿ 1ರಿಂದ 31, ಮತ್ತೆ ಎಕ್ಸ್. ವೈ ಇಲ್ಲ. ಟ್ವೈಲೈಟ್ ಹೆಣ್ಣು. ಅದರ ಅರೆಸೋದರ ಬ್ರಾವೊ ಎಂಬ ಗಂಡಿನ ಡಿಎನ್‌ಎ ತುಣುಕುಗಳನ್ನು ಹಳೆಯ ಜೋಡಣೆಯಲ್ಲಿ ಹೊಲಿಗೆಗೆ ಬಳಸಿಕೊಂಡರೂ ರೆಫರೆನ್ಸಿನಲ್ಲಿ ವೈಗೆ ಜಾಗ ಸಿಗಲಿಲ್ಲ. ತಂದೆಯ ದಾರಿಯನ್ನು ಎರಡು ಶತಮಾನಕ್ಕೂ ಮಿಕ್ಕಿ ಅಚ್ಚುಹಾಕಿಸಿಕೊಂಡು ಬಂದ ತಳಿಯ ಈ ರೆಫರೆನ್ಸ್ ಜೀನೋಮಿನಲ್ಲಿ ತಂದೆಯಿಂದ ಮಗನಿಗೆ ಇಳಿಯುವ ಆ ವರ್ಣತಂತುವೇ ಇಲ್ಲ. ಕುದುರೆಯ ವೈಯನ್ನು ಪ್ರತ್ಯೇಕವಾಗಿ ಜೋಡಿಸಿ 2018ರಲ್ಲಿ ಪ್ರಕಟಿಸಿದರು, ಸುಮಾರು 95 ಲಕ್ಷ ಅಕ್ಷರ. ಕುಣಿಗಲ್ಲಿನ ಒಂದು ಗಂಡಿನ ಡಿಎನ್‌ಎಯನ್ನು ಟ್ವೈಲೈಟ್‌ನ ಫೈಲಿನ ಮೇಲೆ ಮಾತ್ರ ಹೊಂದಿಸಿದರೆ ವೈಯ ಚೂರುಗಳಲ್ಲಿ ಕೆಲವು ಎಕ್ಸ್‌ನ ಮೇಲೆ ತಪ್ಪಾಗಿ ಕೂರುತ್ತವೆ, ಉಳಿದವು ಜಾಗ ಸಿಗದೆ ಬಿದ್ದುಹೋಗುತ್ತವೆ. ಅದಕ್ಕಾಗಿ ವೈಯನ್ನು ಫಾಸ್ಟಾದ ಕೊನೆಗೆ ಸೇರಿಸಿ ಸ್ವಂತ ರೆಫರೆನ್ಸ್ ಮಾಡಿಕೊಳ್ಳುವುದು ಸರಿಯಾದ ಕ್ರಮ.

ಹಾಗೆ ಮಾಡಿದ ಕ್ಷಣವೇ ಆ ಫೈಲಿನ ಎಂಡಿ5 ಭಂಡಾರದ ಸಂಕೇತಕ್ಕೆ ತಾಳೆಯಾಗುವುದು ನಿಲ್ಲುತ್ತದೆ, ಪಟ್ಟಿಗೆ ಹೊಸದೊಂದು ಹೆಸರು ಸೇರುತ್ತದೆ, ಇಂಡೆಕ್ಸ್‌ಗಳನ್ನೆಲ್ಲ ಹೊಸದಾಗಿ ಕಟ್ಟಬೇಕಾಗುತ್ತದೆ. ಮುಂದೆ ಆ ಫೋಲ್ಡರ್ ತೆರೆಯುವ ಕಿರಿಯರಿಗಾಗಿ ಅದರಲ್ಲಿ ‘ರೀಡ್‌ಮಿ’ ಎಂಬ ಪಠ್ಯ ಫೈಲೊಂದನ್ನು ಇಡಬೇಕು. ಅದರಲ್ಲಿ ಬರೆಯಬೇಕಾದ್ದು: ಯಾವ ಭಂಡಾರದಿಂದ ಯಾವ ತಾರೀಖಿಗೆ ಇಳಿಸಿದ್ದು, ಈಕ್ವ್‌ಕ್ಯಾಬ್ 3.0, ಟ್ವೈಲೈಟ್, ಹೆಣ್ಣು. ಮೈಟೊಕಾಂಡ್ರಿಯಾ ಬೇರೆ ಕುದುರೆಯದು. ವೈ ಸೇರಿಸಿದ್ದು ನಾವು, 2018ರ ಜೋಡಣೆಯಿಂದ. ಇಂಡೆಕ್ಸ್ ಕಟ್ಟಿದ್ದು ಬಿಡಬ್ಲ್ಯುಎದ ಇಂಥ ಆವೃತ್ತಿಯಲ್ಲಿ. ಸೇರಿಸಿದ ಮೇಲಿನ ಎಂಡಿ5 ಇದು.